ಸುಧಾಳ ದೆವ್ವಕ್ಕೆ ಸುಟ್ಟ ಮೆಣಸಿನಕಾಯಿ

ಗೆಳತಿಯರೇ, ಇವತ್ತು ತ್ಯಾಗರಾಜನಗರದಲ್ಲಿ ನನ್ನ ಜೊತೆ ಹತ್ತನೇ ಕ್ಲಾಸಿನಲ್ಲಿ ಓದುವ ಸುಧಾಳಿಗೆ ದೆವ್ವ ಬಿಡಿಸಿದರು. ಅವಳು ಊಟ ಬಿಟ್ಟು ಒಬ್ಬಳೇ ನಗುತ್ತಾಳಂತೆ.

"ದೆವ್ವ ಆದ್ರೆ ಸರಿ, ಹುಡುಗ ಗಿಡುಗ ಅಂದ್ರೆ ಸ್ಕೂಲ್ ಬಿಡಿಸ್ತೀನಿ" ಎಂದಿದ್ದರು ಅವಳಪ್ಪ.

ಹಿತ್ತಲಲ್ಲಿ ಅವಳಜ್ಜಿ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೆವ್ವ ಇಲ್ಲವೆಂದೇ ಅರ್ಥ.

"ಕೆಮ್ಬೇಡ ಕಣೇ" ಎಂದು ಸುಧಾ ನನ್ನ ಕೈ ಹಿಸುಕಿದಳು. ಇಬ್ಬರೂ ಉಸಿರು ಬಿಗಿಹಿಡಿದೆವು. ನೋಡಿದರೆ ಅಜ್ಜಿಯೂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಕಣ್ಣಲ್ಲಿ ನೀರು.

ಒಳಗೆ ರೇಡಿಯೋ ಸಣ್ಣಗೆ ಮಾಡಿ ಅವಳಪ್ಪ ಕೇಳಿದರು: "ಘಾಟು ಬಂತೇನಮ್ಮಾ?"

"ಒಂಚೂರೂ ಇಲ್ಲಪ್ಪ, ದೆವ್ವಾನೇ" ಎಂದರು ಅಜ್ಜಿ.

ಆಮೇಲೆ ಸುಧಾಳ ಕಿವಿಯಲ್ಲಿ, "ನಿನ್ ದೆವ್ವಕ್ಕೆ ಹೇಳು, ಮನೆ ಮುಂದೆ ಸೈಕಲ್ ಬೆಲ್ ಹೊಡೀಬೇಡ ಅಂತ."

ಅಮ್ಮ ತೀರಿಕೊಂಡ ಮೇಲೆ ನಾನು ನಕ್ಕಿದ್ದು ಇವತ್ತೇ. ದೆವ್ವದ ಹೆಸರು ಮಾತ್ರ ಬರೆಯುವುದಿಲ್ಲ.