ಎರಡು ಹೆಸರಿನ ಹೆಂಚು

ಗ್ರೀಸಿನ ವೋಲೋಸ್ ಪಟ್ಟಣದಾಚೆ ಸ್ತಮಾತಿಸ್ ಮತ್ತು ಅರ್ಗಿರಿಸ್ ಒಂದೇ ಗೂಡಿನಲ್ಲಿ ಹೆಂಚು ಸುಡಲು ಶುರುಮಾಡಿದರು. ನಾನು ಅವರ ಕೆಲಸದಾಳು; ಪ್ರತಿ ಹೆಂಚಿನ ಬೆನ್ನಿಗೂ ಅಚ್ಚಿನಿಂದ ಇಬ್ಬರ ಹೆಸರು ಒತ್ತುತ್ತಿದ್ದೆ. ಅರ್ಗಿರಿಸ್ ಕ್ಷಯ ಹಿಡಿದು ಬೆಟ್ಟದ ಆಸ್ಪತ್ರೆ ಸೇರಿದ ವಾರವೇ ಸ್ತಮಾತಿಸ್ ನನ್ನನ್ನು ಕರೆದ.

"ಅವ್ನು ಬದುಕಿ ಬರೋದು ಸುಳ್ಳು ಕಣೋ. ಅಚ್ಚಿಂದ ಅವ್ನ ಹೆಸರು ಉಜ್ಜಿಬಿಡು."

ಆಗಲ್ಲ ಅನ್ನಲು ನನಗೇನು ದಾಡಿಯಾಗಿತ್ತು? ಅರ ಹಿಡಿದು ಉಜ್ಜಿದೆ.

ಎರಡು ವರ್ಷಕ್ಕೆ ಅರ್ಗಿರಿಸ್ ಬದುಕಿಯೇ ಬಂದ. ಅಂಗಳದಲ್ಲಿದ್ದ ಹೆಂಚೊಂದನ್ನು ಮಗುಚಿ ನೋಡಿ, ಕೆಳಗಿಟ್ಟು ಹೊರಟುಹೋದ. ಮತ್ತೆ ಈ ಕಡೆ ಬರಲಿಲ್ಲ.

ಒಂದು ಗೂಡು ಮೂರು ಕಾರ್ಖಾನೆಯಾಯಿತು. ನನಗೂ ಒಂದು ಮನೆಯಾಯಿತು. ನಲವತ್ತು ವರ್ಷ ನಾನಾಗಲಿ ಸ್ತಮಾತಿಸನಾಗಲಿ ಆ ಮಾತೆತ್ತಲಿಲ್ಲ.

ಮೊನ್ನೆ ಅರ್ಗಿರಿಸನ ವಿಧವೆ ಮೊರ್ಫೂಲಾ ಬಂದಳು. ಗಾಳಿಗೆ ಅವಳ ಮನೆಯ ಹೆಂಚೊಂದು ಬಿದ್ದು ಒಡೆದಿತ್ತು. ಸ್ತಮಾತಿಸ್ ತಾನೇ ಎದ್ದು ಹೊಸದೊಂದನ್ನು ಕೊಟ್ಟ.

"ದುಡ್ಡೇನೂ ಬೇಡ, ತಗೊಳಮ್ಮ."

ಅವಳೂ ಗಂಡನ ಹಾಗೆಯೇ ಅದನ್ನು ಮಗುಚಿ ನೋಡಿದಳು.

"ನೀನೇ ಇಟ್ಕೊಳಪ್ಪ. ನಮ್ಮನೆ ಮೇಲಿರೋವೆಲ್ಲಾ ಎರಡು ಹೆಸರಿನ್ವು."

ಅವಳು ಹೋದ ಮೇಲೆ ಸ್ತಮಾತಿಸ್ ಮೆಲ್ಲಗೆ ಕೇಳಿದ: "ಆ ಹಳೇ ಅಚ್ಚು ಎಲ್ಲೋ?"

"ಎಲ್ಲಿಂದ ತರ್ಲಿ? ಇದ್ದಿದ್ದೊಂದೇ. ಉಜ್ಜು ಅಂದೋನು ನೀನು, ಉಜ್ಜಿದೋನು ನಾನು."