ಆಟದ ಕೋಣೆಯ ಸುಶೀಲಾ ಮಾವಶಿ

ನಾಸಿಕದ ಪಂಚವಟಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಸಾಮಾನಿನ ಕೋಣೆಯ ಕೀಲಿ ಸುಶೀಲಾಬಾಯಿಯ ಸೊಂಟದಲ್ಲಿ ಇರುತ್ತಿತ್ತು. ಶಾಲೆಯ ಆಯಾಗಳನ್ನು ಅಲ್ಲಿ ಎಲ್ಲರೂ ಮಾವಶಿ ಎಂದೇ ಕರೆಯುತ್ತಾರೆ, ಚಿಕ್ಕಮ್ಮ ಎಂಬ ಹಾಗೆ. ಈ ಮಾವಶಿ ಬೀದರ ಕಡೆಯವಳು. ಗಂಡ ತೀರಿಕೊಂಡ ಮೇಲೆ ಅತ್ತೆ ಕಾಶಿಬಾಯಿಯನ್ನು ನೋಡಿಕೊಂಡು ನಾಸಿಕದಲ್ಲೇ ಉಳಿದಿದ್ದಳು. ಹಣೆಯ ಮೇಲೆ ವಿಭೂತಿ, ಕೈತುಂಬ ವಾಲಿಬಾಲಿನ ಧೂಳು. ನಾಲ್ಕು ವರ್ಷದಿಂದ ಟೆಂಪರರಿ. ಕಾಯಂ ಆಗುವುದೊಂದೇ ಅವಳು ಕಾಯುತ್ತಿದ್ದ ಸುದ್ದಿ.

ನಾನು ಆಗ ಏಳನೆಯ ತರಗತಿ. ಅರವತ್ತೊಂಬತ್ತನೆಯ ಇಸವಿ. ಅಪ್ಪ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಷಿಯನ್, ಬೆಂಗಳೂರಿನಿಂದ ವರ್ಗವಾಗಿ ಬಂದವರು. ಮನೆಯಲ್ಲಿ ಕನ್ನಡ ಕೇಳುತ್ತಿದ್ದೆ, ಉತ್ತರ ಮಾತ್ರ ಮರಾಠಿಯಲ್ಲೇ ಬಾಯಿಗೆ ಬರುತ್ತಿತ್ತು. ಓಡಲು ಬಾರದ ಹುಡುಗಿ. ಖೋ ಖೋದಲ್ಲಿ ಯಾವ ಗುಂಪಿಗೂ ಬೇಡವಾದವಳು.

ರತ್ನಾಕರ ಸರ್ ಆಟದ ಹಾಜರಿ ತೆಗೆದುಕೊಳ್ಳುತ್ತಿದ್ದ ರೀತಿ ವಿಚಿತ್ರವಾಗಿತ್ತು. ಖೋ ಖೋ ಬರಿಗಾಲಿನ ಆಟ. ಹುಡುಗಿಯರೆಲ್ಲ ಕೋಣೆಯ ಮುಂದಿನ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಮೈದಾನಕ್ಕಿಳಿಯಬೇಕು. ಸರ್ ಹುಡುಗಿಯರನ್ನು ಎಣಿಸುತ್ತಿರಲಿಲ್ಲ, ಚಪ್ಪಲಿ ಎಣಿಸುತ್ತಿದ್ದರು. ನಲವತ್ತು ಜೊತೆ ಇದ್ದರೆ ಎಲ್ಲರೂ ಹಾಜರು. ನಾನು ನನ್ನ ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ಕೋಣೆಯೊಳಕ್ಕೆ ನುಸುಳುತ್ತಿದ್ದೆ.

ಒಳಗೆ ಬಲೆಗಳ ರಾಶಿ, ಕವಾಯತಿನಲ್ಲಿ ಝಣಗುಟ್ಟಿಸುವ ಲೆಝಿಮ್‌ಗಳು, ರಬ್ಬರಿನ ವಾಸನೆ. ರದ್ದಿ ಅಂಗಡಿಯಿಂದ ತಂದ ಹಾಸ್ಯದ ಚಿತ್ರಪುಸ್ತಕಗಳನ್ನು ಅಲ್ಲಿ ಕೂತು ಓದುತ್ತಿದ್ದೆ. ಮಾವಶಿಗೆ ಓದು ಬರುತ್ತಿರಲಿಲ್ಲ. ಬಲೆ ಹೊಲಿಯುತ್ತಲೇ ಬಗ್ಗಿ ಚಿತ್ರ ನೋಡುವಳು. ಒಮ್ಮೆ ಪುಟದಲ್ಲಿ ಕತ್ತೆ ಸವಾರಿಯ ಚಿತ್ರವಿತ್ತು.

"ಏ ವೇದವ್ವಾ, ಈ ದಪ್ಪನ ಮನಶ್ಯಾ ಯಾಕ ಕತ್ತಿ ಮ್ಯಾಲ ಉಲ್ಟಾ ಕುಂತಾನ?"

ನಾನು ಮರಾಠಿಯಲ್ಲಿ ಹೇಳಲು ಹೋದರೆ ತಡೆಯುವಳು. "ತಡಿ, ನಾನೇ ಹೇಳ್ತೀನಿ. ಇಂವಾ ಅತ್ತಿ ಮನಿಗಿ ಹೊಂಟಾನ. ಮಾರಿ ಅತ್ತಿ ಮನಿ ಕಡಿ ಮಾಡಾಕ ಹೆದರ್ಕಿ. ಅದಕ ತಾ ಹಿಂದಕ್ಕ ನೋಡ್ಲಿಕತ್ತಾನ, ಕತ್ತಿ ಮುಂದಕ್ಕ ಹೊಂಟದ."

ಪುಸ್ತಕದಲ್ಲಿ ಅಚ್ಚಾಗಿದ್ದ ಕತೆ ಅದಾಗಿರಲಿಲ್ಲ. ಆದರೆ ಅವಳದೇ ಚೆನ್ನಾಗಿರುತ್ತಿತ್ತು. ನಗು ಹೊರಗೆ ಕೇಳಬಾರದೆಂದು ಇಬ್ಬರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆವು, ಅದೂ ಅವಳದೊಂದೇ ಸೆರಗು. ಹೀಗೆ ನಾನು ಕನ್ನಡ ಮಾತಾಡಲು ಕಲಿತೆ.

ಜುಲೈ ತಿಂಗಳ ಒಂದು ಶುಕ್ರವಾರ ಮೋಠ್ಯಾಬಾಯಿಯಿಂದ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿಯಿಂದ, ಅವಳಿಗೆ ಕರೆ ಬಂತು. ಕಾಯಂ ಮಾಡುವ ಕಾಗದ ತಯಾರಾಗಿತ್ತು, ಹೆಬ್ಬೆಟ್ಟು ಒತ್ತಬೇಕಿತ್ತು. ಹಿಂದೊಮ್ಮೆ ಎರಡು ಚೆಂಡು ಕಳುವಾದ ಮೇಲೆ, ಅವಳು ಒಂದು ನಿಮಿಷ ಹೊರಗೆ ಹೋದರೂ ಕೋಣೆಗೆ ಬೀಗ ಹಾಕಲೇಬೇಕೆಂಬ ನಿಯಮವಿತ್ತು.

"ಹತ್ತು ಮಿನಿಟ ಸುಮ್ಮ ಕುಂದ್ರವ್ವಾ, ಓಡಿ ಬರ್ತೀನಿ," ಎಂದು ನನ್ನನ್ನು ಒಳಗಿಟ್ಟೇ ಬೀಗ ಹಾಕಿ ಹೋದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು. ಹುಡುಗಿಯರು ಓಡಿ ಬಂದು ಚಪ್ಪಲಿ ಮೆಟ್ಟಿಕೊಂಡರು. ಜಗಲಿಯಲ್ಲಿ ಒಂದು ಜೊತೆ ಉಳಿಯಿತು. ಮೈದಾನಕ್ಕೆ ನದಿಯ ಕಡೆ ಗೋಡೆಯಿರಲಿಲ್ಲ, ಗೋದಾವರಿ ಎರಡು ದಿನದಿಂದ ಏರುತ್ತಿತ್ತು.

"ಇದು ಯಾರದು? ಯಾರು ಬಂದಿಲ್ಲ?" ರತ್ನಾಕರ ಸರ್ ಆ ಜೊತೆಯನ್ನು ಎತ್ತಿ ಹಿಡಿದು ಕೇಳಿದರು. ಯಾರೋ ನನ್ನ ಹೆಸರು ಹೇಳಿದರು. ಆಮೇಲೆ ನನ್ನ ಹೆಸರನ್ನು ಅವರು ನದಿಯ ಕಡೆಗೆ ಕೂಗತೊಡಗಿದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಸಲ ಬಡಿದಿದ್ದರೆ ಸಾಕಿತ್ತು. ಬಡಿದರೆ ಮಾವಶಿಯ ಬೀಗ ಎಲ್ಲರಿಗೂ ಕಾಣುತ್ತದೆ, ಅವಳೇ ಮೆಲ್ಲಗೆ ಬಂದು ತೆಗೆಯಲಿ ಎಂದುಕೊಂಡೆ. ಹಾಗೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾಗಿ ಬೈಗುಳಕ್ಕೆ ಹೆದರಿದ್ದೆ.

ಗಲಾಟೆ ಕೇಳಿ ಮೋಠ್ಯಾಬಾಯಿ ಬಂದರು, ಹಿಂದೆಯೇ ಮಾವಶಿ. ಸರ್ ಪ್ಯಾಂಟು ಮಡಚಿ ನೀರಿನತ್ತ ಹೊರಟಿದ್ದನ್ನು ಕಿಟಕಿಯ ಸಂದಿಯಿಂದ ಕಂಡೆ. ಎಲ್ಲರ ಬೆನ್ನೂ ಕೋಣೆಗಿತ್ತು. ಮಾವಶಿ ಸದ್ದಿಲ್ಲದೆ ಬಾಗಿಲು ತೆಗೆದು ನನ್ನನ್ನು ಗುಂಪಿಗೆ ತಳ್ಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ಸರ್, ನೀರಾಗ ಇಳಿಬ್ಯಾಡ್ರೀ! ಹುಡುಗಿ ಇಲ್ಲೇ ಅದಾಳ. ನಾನೇ ಕೀಲಿ ಹಾಕೀನ್ರೀ!"

ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದ್ದಳು. ಯಾರಿಗೂ ತಿಳಿಯಲಿಲ್ಲ. ಮತ್ತೆ ಮರಾಠಿಯಲ್ಲಿ ಕೂಗಿ ಎಲ್ಲರ ಎದುರು ಬೀಗ ತೆಗೆದಳು. ಅವಳ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಕಾಗದಕ್ಕೆ ಇನ್ನೂ ಹತ್ತಿರಲಿಲ್ಲ.

ಮೋಠ್ಯಾಬಾಯಿ ಕೂಗಾಡಲಿಲ್ಲ. ನಾನು ಅಳುತ್ತ, ತಪ್ಪು ನನ್ನದೆಂದೆ. "ನಿನ್ನದೂ ಹೌದು, ಅವಳದೂ ಹೌದು," ಎಂದರು. ಕಾಗದ ಡ್ರಾಯರಿಗೆ ಹೋಯಿತು. ಒಂದು ವರ್ಷ ಆಟದ ಕೋಣೆಯಿಂದ ಒಂದೂ ದೂರು ಬರದಿದ್ದರೆ ಮುಂದಿನ ಜೂನ್‌ನಲ್ಲಿ ನೋಡೋಣ ಎಂದರು.

ಮಾರನೆಯ ದಿನದಿಂದ ನಾನು ಮೈದಾನಕ್ಕಿಳಿದೆ. ಯಾರೂ ಹೇಳಲಿಲ್ಲ, ಮಾವಶಿಯೂ ಹೇಳಲಿಲ್ಲ. ಜ್ವರವಿದ್ದ ದಿನವೂ ಹೋದೆ. ಪ್ರತಿ ಸಲ ಮೊದಲು ಔಟಾಗುತ್ತಿದ್ದವಳು ನಾನೇ. ಜಗಲಿಯಿಂದ ಅವಳ ಕೂಗು ಬರುತ್ತಿತ್ತು: "ಓಡ ಯವ್ವಾ, ಅಂಗಡಿಗಿ ಉಪ್ಪು ತರ್ಲಿಕ್ಕ ಹೊಂಟಂಗ ಹೊಂಟೀಯಲ್ಲ!" ಹುಡುಗಿಯರಿಗೆ ಮಾತು ತಿಳಿಯುತ್ತಿರಲಿಲ್ಲ. ನಾನೊಬ್ಬಳೇ ಓಡುತ್ತಾ ನಗುತ್ತಿದ್ದೆ, ನಕ್ಕು ಇನ್ನೂ ಬೇಗ ಸಿಕ್ಕಿಬೀಳುತ್ತಿದ್ದೆ.

ಜೂನ್‌ನಲ್ಲಿ ಕಾಗದ ಹೊರಬಂತು. ಅಂದು ಸಂಜೆ ಅವಳು ಪೇಢೆ ಹಿಡಿದು ನಮ್ಮ ಮನೆಗೆ ಬಂದಳು. ಕುರ್ಚಿ ಬೇಡವೆಂದು ಹೊಸಿಲ ಬಳಿ ಕೂತಳು.

"ಮೇಲೆ ಕೂತ್ಕೊಳ್ಳಿ ಸುಶೀಲಾಬಾಯಿ, ಈಗ ನೀವು ಕಾಯಂ," ಎಂದರು ಅಮ್ಮ.

"ಕಾಯಂ ಆದ್ರ ಮೊಣಕಾಲ ನೂಸೂದು ಬಿಡ್ತದೇನ್ರೀ ಅಕ್ಕಾರ?" ಎಂದು ನಕ್ಕಳು. ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ಸಾಕವ್ವಾ. ವರ್ಷಾ ಪೂರಾ ಓಡಿದಿ. ಇನ್ ಬ್ಯಾಡಾದ್ರ ಮೋಠ್ಯಾಬಾಯಿಗಿ ನಾನೇ ಕೇಳ್ತೀನಿ. ನೀ ಓದ್ಕೋತ ಕುಂದ್ರು."

"ಬೇಡ ಮಾವಶಿ. ನಾಳೆ ಮ್ಯಾಚ್ ಇದೆ."

"ನಿನಗ ತಗೊಂಡಾರ?"

"ಇಲ್ಲ, ನೀರು ಕೊಡೋಕೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಳ್ಳದೆ, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.