ಮುಚ್ಚಿದ ಬಾಗಿಲಿಗೆ ದಿನಕ್ಕೊಂದು ಪುಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸವಣ್ಣನ ಕಲ್ಯಾಣದಲ್ಲಿ ತಾಮ್ರದ ಪಾತ್ರೆ ಮಾಡುವ ತಾಂಬಟಗಾರರ ಓಣಿಯಲ್ಲಿ ಕಾಶಿರಾಮ ಅವರ ಮನೆಯ ಬಾಗಿಲು ಮುಚ್ಚಿದೆ. ಹೊರಗೆ ಕಟ್ಟೆಯ ಪಕ್ಕ ನಿಂತ ಫಕ್ರುನ್ನೀಸಾ ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ, ಚೀಲದಿಂದ ಪುಸ್ತಕ ತೆಗೆದು, ಗಟ್ಟಿಯಾಗಿ ಓದುತ್ತಾರೆ. ಕೇಳುವವರು ಯಾರೂ ಕಾಣುವುದಿಲ್ಲ. ಎಮ್ಮೆ ಹೊಡೆದುಕೊಂಡು ಹೊರಟವನೊಬ್ಬ ಕಣ್ಣು ಹಾಯಿಸಿ, ಇದು ದಿನದ ಪಾಡು ಎಂಬಂತೆ ಮುಂದೆ ಹೋಗುತ್ತಾನೆ. ಒಂದು ಪುಟ ಮುಗಿದದ್ದೇ ಪುಸ್ತಕ ಚೀಲ ಸೇರುತ್ತದೆ. ಒಳಗೆ ತಾಮ್ರದ ಮೇಲೆ ಸುತ್ತಿಗೆ ಬೀಳತೊಡಗುತ್ತದೆ.

ಫಕ್ರುನ್ನೀಸಾ ಇಲ್ಲಿನ ಚಂದಾದಾರರ ಗ್ರಂಥಾಲಯದಲ್ಲಿ ನೌಕರಿಗಿದ್ದಾರೆ. ಗ್ರಂಥಾಲಯ ಎಂದರೆ ಒಂದು ಕೋಣೆ, ಮೂರು ಕಪಾಟು, ಉರ್ದು, ಮರಾಠಿ, ಕನ್ನಡ ಪುಸ್ತಕಗಳು. ಊರಿನ ಹೆಂಗಸರು ಅಲ್ಲಿಗೆ ಬರುವುದಿಲ್ಲ. ಗಂಡಸು ನೌಕರ ಪುಸ್ತಕ ಹಿಡಿದು ಅವರ ಒಳಮನೆಗೆ ಹೋಗುವಂತಿಲ್ಲ. ಹಾಗಾಗಿ, ಬಣ್ಣಗಾರ ಗಂಡ ತೀರಿಕೊಂಡು ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಇವರಿಗೆ ಮನೆಮನೆಗೆ ಪುಸ್ತಕ ಮುಟ್ಟಿಸುವ ಈ ಕೆಲಸ ಸಿಕ್ಕಿತು. ಉರ್ದು ತಂದೆ ಕಲಿಸಿದ್ದು, ಕನ್ನಡದ ಅಕ್ಷರ ನೆರೆಮನೆಯ ಯಶೋದಾಬಾಯಿ ಕಲಿಸಿದ್ದು. ದಿನಕ್ಕೆ ಇಪ್ಪತ್ತರ ಆಸುಪಾಸು ಮನೆ, ಬೇಸಿಗೆಯಲ್ಲಿ ಕಾಲು ಸುಡುವ ಮುಂಚೆ ಅರ್ಧ, ಇಳಿಹೊತ್ತಿಗೆ ಅರ್ಧ.

ಯಾರಿಗೆ ಯಾವ ಪುಸ್ತಕ ಎಂಬುದಕ್ಕೆ ಅವರದೇ ಲೆಕ್ಕಾಚಾರವಿದೆ. "ಮನ್ಯಾಗ ಅತ್ತಿ ಸೊಸಿ ಜಗಳ ಇತ್ತಂದ್ರ ಪತ್ತೇದಾರಿ ಕೊಡ್ತೀನ್ರಿ, ಇಬ್ರೂ ಕೂಡಿ ಕಳ್ಳನ್ನ ಹುಡುಕ್ತಾರ. ಬಾಣಂತಿಗಿ ಸಣ್ಣ ಸಣ್ಣ ಪಾಠ ಇರೂದು. ಮನ್ಯಾಗ ಸಾವಾಗಿದ್ರ ದಪ್ಪನ್ನ ಹಳೀ ಕಾದಂಬರಿ. ಲಗೂನ ಮುಗೀಬಾರದು ನೋಡ್ರಿ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಪ್ರತಿ ಮನೆಯಲ್ಲೂ ಒಬ್ಬಳು ಓದುತ್ತಾಳೆ, ಉಳಿದವರು ತೊಗರಿ ಹಸನು ಮಾಡುತ್ತ ಕೇಳುತ್ತಾರೆ. ಮಹಾಯುದ್ಧ ಶುರುವಾಗಿ ಕಾಗದ ತುಟ್ಟಿಯಾದ ಮೇಲೆ ಹೊಸ ಪುಸ್ತಕ ಬರುವುದು ಕಡಿಮೆಯಾಗಿದೆ. ಹಳೆಯವೇ ಸುತ್ತು ಹೊಡೆಯುತ್ತಿವೆ.

ಹುಮನಾಬಾದಿಗೆ ಟಾಕಿ ಸಿನಿಮಾದ ಡೇರೆ ಬರತೊಡಗಿದ ಮೇಲೆ ಅವರ ತಲೆಯ ಮೇಲೆ ಇನ್ನೊಂದು ಹೊರೆ ಬಿತ್ತು. ಪುಸ್ತಕದಿಂದ ತೆಗೆದ ಖೇಲು ಬಂದರೆ, ಅದು ಮನೆಯ ಹೆಂಗಸರು ನೋಡುವಂಥದ್ದೋ ಅಲ್ಲವೋ ಎಂದು ಹಿರಿಯರು ಕೇಳುವುದು ಇವರನ್ನೇ. ಫಕ್ರುನ್ನೀಸಾ ಹೂಂ ಅಂದರೆ ಬಂಡಿ ಹೂಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಕಳೆದ ಸಂಕ್ರಾಂತಿಗೆ ಒಂದು ಮರಾಠಿ ಟಾಕಿ ಬಂದಿತ್ತು. ಅದರ ಮೂಲ ಕಾದಂಬರಿ ಕನ್ನಡದಲ್ಲೂ ಇದೆ, ಓಣಿ ಓಣಿಯಲ್ಲಿ ಓದಿಸಿಕೊಂಡಿದೆ. ಗಂಡ ಸತ್ತ ಹುಡುಗಿಯೊಬ್ಬಳು ಮನೆ ಬಿಟ್ಟು, ಕಲಿತು, ಕೊನೆಗೆ ಹೆಣ್ಣುಮಕ್ಕಳ ಶಾಲೆ ತೆರೆಯುವ ಕಥೆ. ಕಾಶಿರಾಮ ಅವರ ಸೊಸೆ ಸೋನುಬಾಯಿಗೂ ಗಂಡನಿಲ್ಲ. ಮದುವೆಗೆ ಮುಂಚೆ ನಾಲ್ಕು ಅಕ್ಷರ ಕಲಿತಿದ್ದ ಅವಳು ಆ ಪುಸ್ತಕವನ್ನು ಎರಡು ಸಲ ಓದಿ, ಬೀದರದಲ್ಲಿರುವ ಸೋದರತ್ತೆಯ ಮನೆಯಲ್ಲಿದ್ದು ಮಾಸ್ತರಿಣಿಯಾಗುವ ತರಬೇತಿ ಪಡೆಯುತ್ತೇನೆಂದು ಅತ್ತೆಯ ಮೂಲಕ ಮಾವನನ್ನು ಕೇಳಿದ್ದಳು. ಮಾವ ಅರೆಮನಸ್ಸಿನಲ್ಲಿದ್ದರು. ಅಷ್ಟರಲ್ಲಿ ಡೇರೆ ಬಂತು. ಫಕ್ರುನ್ನೀಸಾ ಹೂಂ ಅಂದರು, ಬಂಡಿ ಹೋಯಿತು.

ಟಾಕಿಯಲ್ಲಿ ಆ ಹುಡುಗಿ ಹೊಳೆಗೆ ಹಾರಿ ಸತ್ತಳು.

"ಹೊಸ್ತಿಲ ದಾಟಿದಾಕಿ ಹ್ಯಾಂಗ ಸತ್ಲು ಕಣ್ಣಾರೆ ನೋಡಿ ಬಂದೀನಿ," ಎಂದು ಕಾಶಿರಾಮ ಬೀದರದ ಮಾತಿಗೇ ಮಣ್ಣು ಹಾಕಿದರು. ಫಕ್ರುನ್ನೀಸಾಗೂ ಬಾಗಿಲು ಮುಚ್ಚಿತು. ಪುಸ್ತಕದಲ್ಲಿ ಹಾಗಿಲ್ಲ ಎಂದು ಹೇಳಲು ಸೋನುಬಾಯಿಗೆ ಬಾಯಿಲ್ಲ. ಸೊಸೆ ಮಾವನ ಮುಂದೆ ದನಿ ತೆಗೆಯುವ ಪದ್ಧತಿ ಆ ಮನೆಯಲ್ಲಿಲ್ಲ.

"ತಪ್ಪು ನಂದೇ ಅದ್ರಿ," ಎನ್ನುತ್ತಾರೆ ಫಕ್ರುನ್ನೀಸಾ. "ಖೇಲ್ ನಾ ನೋಡಿರಲಿಲ್ಲ. ಪುಸ್ತಕ ಓದೀನಂತ ಖೇಲಿಗಿ ಜಾಮೀನು ನಿಂತೆ. ಆಕಿ ಸಾಲಿಗಿ ಹೋಗೂದು ನನ್ನಿಂದ ನಿಂತದ. ನನಗ ಊಟ ಸೇರಂಗಿಲ್ರಿ."

ಬೇಸಿಗೆ ಕಳೆದರೆ ಬೀದರದಲ್ಲಿ ತರಬೇತಿ ಶುರುವಾಗುತ್ತದೆ. ಅದಕ್ಕೇ ಈ ಬೆಳಗಿನ ಓದು. ಕಾದಂಬರಿಯ ಕೊನೆಯ ಅಧ್ಯಾಯವನ್ನು ಅವರು ಪುಟ ಪುಟವಾಗಿ ಬಾಗಿಲಿನಾಚೆ ಕೇಳುವಂತೆ ಓದುತ್ತಿದ್ದಾರೆ. ಸುತ್ತಿಗೆ ಶುರುವಾದರೆ ಏನೂ ಕೇಳಿಸದು, ಆದ್ದರಿಂದ ಅದಕ್ಕೂ ಮುಂಚೆ ಬರಬೇಕು. ಮೊದಮೊದಲು ಇವರ ದನಿ ಎದ್ದ ಕೂಡಲೇ ಕಾಶಿರಾಮ ಬೇಕೆಂದೇ ಸುತ್ತಿಗೆ ಹಿಡಿಯುತ್ತಿದ್ದರಂತೆ. ಓಣಿಯವರಿಗೆ ಅದೊಂದು ತಮಾಷೆ. ಈಚೆಗೆ ಪುಟ ಮುಗಿಯುವವರೆಗೆ ತಾಮ್ರ ಸುಮ್ಮನಿರುತ್ತದೆ. ಫಕ್ರುನ್ನೀಸಾ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಗಟ್ಟಿಯಾಗಿ ಹೇಳಿದರೆ ಎಲ್ಲಿ ಕೆಟ್ಟುಹೋದೀತೋ ಎಂಬ ಅಂಜಿಕೆ.

ಮರುದಿನ ನಾನು ಹೋದಾಗ ಉಳಿದಿರುವುದು ಕೊನೆಯ ಪುಟ. ಶಾಲೆಯ ಮೊದಲ ದಿನ, ಆ ಹುಡುಗಿ ಮಕ್ಕಳ ಹಾಜರಿ ಕರೆಯುತ್ತಾಳೆ. ಫಕ್ರುನ್ನೀಸಾ ಒಂದೊಂದು ಹೆಸರನ್ನೂ ಬಿಡಿಬಿಡಿಯಾಗಿ ಓದಿ ನಿಲ್ಲಿಸುತ್ತಾರೆ. ಸುತ್ತಿಗೆ ಶುರುವಾಗುವುದಿಲ್ಲ.

"ಮುಗೀತೇನು?" ಒಳಗಿನಿಂದ ಕಾಶಿರಾಮ ಕೇಳುತ್ತಾರೆ.

"ಮುಗೀತ್ರಿ."

"ಸಾಯಲಿಲ್ಲೇನ ಆಕಿ?"

"ಇಲ್ರಿ. ಸಾಲಿ ನಡಸಾಕತ್ಯಾಳ."

ಅಗುಳಿ ಸರಿದು ಬಾಗಿಲು ತೆರೆಯುತ್ತದೆ. ಮಸಿ ಹಿಡಿದ ಕೈಯನ್ನು ಪಂಚೆಗೆ ಒರೆಸುತ್ತ ಕಾಶಿರಾಮ ನಿಂತಿದ್ದಾರೆ. "ನಾ ಬರೇ ಅಖೈರು ಕೇಳೀನಿ. ನಾಳಿಂದ ಮೊದಲಿನಿಂದ ಓದು."

"ಇಪ್ಪತ್ ಮನಿ ತಿರಗೂದದ್ರಿ ನನಗ. ಸೋನುಬಾಯಿ ಓದ್ತಾಳ. ನೀವ್ ಕೂತ್ ಕೇಳ್ರಿ."

ಆ ಮನೆಯಲ್ಲಿ ಯಾರೂ ಆಡದ ಮಾತು ಇದು. ಕಾಶಿರಾಮ ಹೊಸ್ತಿಲಿನಿಂದ ಪಕ್ಕಕ್ಕೆ ಸರಿಯುತ್ತಾರೆ. ಹಿಂದೆ ನಿಂತಿದ್ದ ಸೋನುಬಾಯಿ ಮುಂದೆ ಬಂದು ಎರಡೂ ಕೈಯಿಂದ ಪುಸ್ತಕ ತೆಗೆದುಕೊಳ್ಳುತ್ತಾಳೆ. ಮಾವ ಅದರ ದಪ್ಪವನ್ನು ಅನುಮಾನದಿಂದ ನೋಡುತ್ತಾರೆ.

"ಭಾಳ ದೊಡ್ಡದ ಅದ. ಈಕಿ ಬೀದರಕ್ಕ ಹೋಗೂದ್ರಾಗ ಮುಗೀತದೇನು?"

"ದಿನಾ ಎರಡ್ ಪಾಠ ಓದಿದ್ರ ಮುಗೀತದ್ರಿ," ಎನ್ನುತ್ತ ಫಕ್ರುನ್ನೀಸಾ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.